ಎನ್‌ಐಸಿಯುನಲ್ಲಿದ್ದ ಮಗುವಿಗೆ ಒಂದು ‘ಪಾಸ್’ ಸಾಕೇ?

ಪ್ರಶ್ನೆ: ನಮ್ಮ ಮಗಳು 31 ವಾರಕ್ಕೇ ಹುಟ್ಟಿ 26 ದಿನ ಎನ್‌ಐಸಿಯುನಲ್ಲಿದ್ದಳು (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಸೋಂಕಿಗೆ 7 ದಿನ ಜೆಂಟಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು, ಕಾಮಾಲೆಗೆ ಫೋಟೊಥೆರಪಿ (ಬೆಳಕಿನ ಚಿಕಿತ್ಸೆ) ಆಯಿತು. ಮನೆಗೆ ಕಳಿಸುವಾಗ ಓಎಇ ಎಂಬ ಶ್ರವಣ ಪರೀಕ್ಷೆ ಮಾಡಿ ಎರಡೂ ಕಿವಿ ‘ಪಾಸ್’ ಎಂದು ಬರೆದಿದ್ದಾರೆ. ಈಗ ಎರಡು ತಿಂಗಳು. ಬಾಗಿಲು ಬಡಿದರೆ ಬೆಚ್ಚಿಬೀಳುತ್ತಾಳೆ. ಮತ್ತೆ ಪರೀಕ್ಷೆ ಬೇಕೇ?

ಉತ್ತರ: ಬೇಕು. ಅದೂ ಓಎಇ ಅಲ್ಲ, ಎಬಿಆರ್ ಮಾಡಿಸಿ; ಸದ್ದಿನ ಸಂಕೇತ ಕಿವಿಯ ನರದ ಮೂಲಕ ಮಿದುಳಿನತ್ತ ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆ ಅದು. ಮೂರು ತಿಂಗಳು ತುಂಬುವುದರೊಳಗೆ ಆದರೆ ಒಳ್ಳೆಯದು.

ಓಎಇಯಲ್ಲಿ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಸದ್ದು ಬಿಡುತ್ತಾರೆ. ಒಳಕಿವಿಯ ಹೊರ ರೋಮಕೋಶಗಳು (ಕೇಳಲು ನೆರವಾಗುವ ಸೂಕ್ಷ್ಮ ಕೋಶಗಳು) ಅದಕ್ಕೆ ಮರಳಿ ಹೊಮ್ಮಿಸುವ ಕ್ಷೀಣ ಸದ್ದನ್ನು ಯಂತ್ರ ಹಿಡಿಯುತ್ತದೆ. ಅಲ್ಲಿಂದಾಚೆ, ನರದ ಮೂಲಕ ಮಿದುಳಿನತ್ತ ಸಂಕೇತ ಹೋಗುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಆಡಿಟರಿ ನ್ಯೂರೋಪತಿ ಎಂಬ ತೊಂದರೆಯಲ್ಲಿ ರೋಮಕೋಶ ಸರಿಯಿದ್ದು ನರದ ದಾರಿಯೇ ಕೆಟ್ಟಿರುತ್ತದೆ. ಹುಟ್ಟುವಾಗ ಉಸಿರುಕಟ್ಟಿದ, ತೀವ್ರ ಕಾಮಾಲೆಯಾದ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. ಹಾಗಾಗಿಯೇ ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಕ್ಕಳಿಗೆ ಎಬಿಆರ್ ಬೇಕೆನ್ನುವುದು.

ನಿಮ್ಮ ಮಗಳ ಮಟ್ಟಿಗೆ ಲೆಕ್ಕಕ್ಕೆ ಬರುವ ಅಂಶ ಎರಡು: ಎನ್‌ಐಸಿಯುನಲ್ಲಿ ಕಳೆದ ದಿನಗಳು ಮತ್ತು ಐದು ದಿನ ಮೀರಿದ ಜೆಂಟಮೈಸಿನ್. ರಕ್ತ ಬದಲಾಯಿಸುವ ಮಟ್ಟಕ್ಕೆ ಬಿಲಿರುಬಿನ್ (ಕಾಮಾಲೆ ತರುವ ಹಳದಿ ವಸ್ತು) ಏರಿತ್ತೇ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ; ಬರೀ ಫೋಟೊಥೆರಪಿಯಿಂದ ಕಿವಿಗೆ ಅಪಾಯವಿಲ್ಲ. ಜೆಂಟಮೈಸಿನ್ ಕೊಟ್ಟದ್ದಕ್ಕೆ ಕೊರಗಬೇಡಿ. ನವಜಾತ ಶಿಶುವಿನ ರಕ್ತದ ಸೋಂಕು ಜೀವವನ್ನೇ ತೆಗೆಯಬಲ್ಲದು, ಆ ಔಷಧ ಅಲ್ಲಿ ಬೇಕಿತ್ತು. ಕೆಲವು ಮಕ್ಕಳಲ್ಲಿ ಅದು ರೋಮಕೋಶಗಳನ್ನು ಸಾಯಿಸುತ್ತದೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಫ್ರುಸಮೈಡ್‌ನಂಥ ಮೂತ್ರವರ್ಧಕ ಜೊತೆಗಿದ್ದರೆ ಅಪಾಯ ಹೆಚ್ಚು. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್ ನಂತರ ಕಿವಿ ಹೋಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ. ತಾಯಿಯಿಂದಲೇ ಬರುವ ಒಂದು ಜೀನ್ ದೋಷದಿಂದ ಹಾಗಾಗುವುದುಂಟು.

ಬಾಗಿಲ ಸದ್ದಿಗೆ ಬೆಚ್ಚುವುದನ್ನು ನಂಬಿ ಕೂರಬೇಡಿ. ಜೆಂಟಮೈಸಿನ್ ಮೊದಲು ಕೆಡಿಸುವುದು ಕೀರಲು ಸದ್ದುಗಳನ್ನು ಕೇಳುವ ಶಕ್ತಿಯನ್ನು. ಬಾಗಿಲ ‘ಧಡ್’ ಕೇಳುವ ಮಗುವಿಗೆ ‘ಸ’, ‘ಶ’ ಕೇಳದೇ ಇರಬಹುದು. ಗಾಳಿಯ ತಳ್ಳು, ನೆಲದ ಕಂಪನಕ್ಕೂ ಮಗು ಬೆಚ್ಚುತ್ತದೆ.

ಎಬಿಆರ್‌ಗೆ ಮಗು ಗಾಢವಾಗಿ ಮಲಗಿರಬೇಕು. ಹಿಂದಿನ ನಿದ್ದೆ ತಪ್ಪಿಸಿ, ಅಲ್ಲಿ ಹೋದ ಮೇಲೆ ಹಾಲೂಡಿಸಿ. ಅಂದು ತಲೆಗೆ, ಹಣೆಗೆ ಎಣ್ಣೆ ಹಚ್ಚಬೇಡಿ. ಹಣೆಯ ಮೇಲೂ ಕಿವಿಯ ಹಿಂದೂ ಅಂಟಿಸುವ ಎಲೆಕ್ಟ್ರೋಡ್ ಜಾರಿದರೆ ಅಲೆಗಳು ಸರಿಯಾಗಿ ಮೂಡವು. ನೋವಿಲ್ಲ. ಫಲಿತಾಂಶ ‘ರೆಫರ್’ ಬಂದರೆ ಕಿವುಡು ಎಂದೇನಲ್ಲ, ಪೂರ್ಣ ತಪಾಸಣೆ ಬೇಕೆಂದರ್ಥ. ಆಗ ‘ಓಎಇ ಪಾಸ್ ಆಗಿದೆಯಲ್ಲ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ, ನೇರ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಬಳಿ ಹೋಗಿ. ದೋಷ ಖಚಿತವಾದರೆ ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಶುರುವಾಗಬೇಕು, ಏಕೆಂದರೆ ಮಾತಿನ ತಳಹದಿ ಬೀಳುವುದೇ ಆ ತಿಂಗಳುಗಳಲ್ಲಿ.

ಎಬಿಆರ್ ಪಾಸ್ ಆದರೂ 9 ತಿಂಗಳ ಹೊತ್ತಿಗೆ ಮತ್ತೊಮ್ಮೆ ತೋರಿಸಿ. ಕೆಲವು ದೋಷ ತಡವಾಗಿ ತಲೆದೋರುತ್ತವೆ. ಕೇಳದ ಮಕ್ಕಳೂ ಮೊದಮೊದಲು ‘ಊ, ಆ’ ಎನ್ನುತ್ತವೆ. ‘ಬಬಬ’, ‘ದದದ’ ಎಂದು ಅಕ್ಷರ ಪೋಣಿಸುವುದು ಶುರುವಾಗದಿದ್ದರೆ, ಅಥವಾ ಬಂದದ್ದು ನಿಂತುಹೋದರೆ, 9 ತಿಂಗಳಿಗೆ ಕಾಯದೆ ಆ ವಾರವೇ ಹೋಗಿ.