ಡಾಕ್ಟರು ಅದೇ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಿ ಅಂದರೆ ಅದು ಕಮಿಷನ್‌ಗಾಗಿಯೇ?

ಅಮ್ಮನಿಗೆ 61 ವರ್ಷ, ಬಿಪಿ ಮಾತ್ರೆ ನಡೀತಿದೆ, ಪೊಟ್ಯಾಸಿಯಂ 5.8 ಬಂದಿದೆ, ಸ್ಯಾಂಪಲ್ ಹಿಮೊಲೈಸ್ ಆಗಿದೆ (ರಕ್ತದ ಕೆಂಪು ಕಣಗಳು ಒಡೆದಿವೆ) ಅಂತ ಲ್ಯಾಬಿನವರೇ ಕೆಳಗೆ ಬರೆದಿದ್ದಾರೆ, "ಆದರೂ" ಡಾಕ್ಟರು ನಾಳೆಯೇ ಮತ್ತೆ ರಕ್ತ ಕೊಡಿ ಅಂತಿದ್ದಾರೆ, ಅಮ್ಮ ಆರಾಮಾಗಿದ್ದಾರೆ, ಒಂದು ತಿಂಗಳು ಬಿಟ್ಟು ಬೇರೆ ಕಡೆ ಮಾಡಿಸಬಹುದಾ ಅಂತ ಕೇಳಿದ್ದೀರಿ. ಆ "ಆದರೂ" ಓದಿದಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಎರಡು ವರ್ಷದ ಹಿಂದೆ ನಾನೂ ಡಾಕ್ಟರ ಜತೆ ಫೋನಿನಲ್ಲಿ ಇದೇ ಪದ ಬಳಸಿದ್ದೆ.

ನಮ್ಮದು ತಿಪಟೂರು ಕಡೆ ಒಂದು ಹಳ್ಳಿ. ಅಪ್ಪನಿಗೆ ಆಗ 68. ಹತ್ತು ಹನ್ನೆರಡು ವರ್ಷದಿಂದ ಬಿಪಿಗೆ ಟೆಲ್ಮಿಸಾರ್ಟನ್, ಸ್ವಲ್ಪ ಸಕ್ಕರೆ ಕಾಯಿಲೆ. ಯುಗಾದಿಗೆ ಊರಿಗೆ ಹೋದಾಗ ವರ್ಷದ ಪರೀಕ್ಷೆ ಎಲ್ಲಾ ಮಾಡಿಸಿಬಿಡೋಣ ಅಂತ ಮನೆಗೇ ಬಂದು ರಕ್ತ ತಗೊಂಡು ಹೋಗುವವರಿಗೆ ಹೇಳಿದ್ದೆ. ಬೆಳಿಗ್ಗೆ ಏಳಕ್ಕೆ ಬೈಕಿನಲ್ಲಿ ಒಬ್ಬ ಹುಡುಗ ಬಂದ. ಅಪ್ಪನನ್ನು ಜಗಲಿ ಮೇಲೇ ಕೂರಿಸಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದ. ನರ ಸಿಗಲಿಲ್ಲ. "ಮುಷ್ಟಿ ಹಿಡೀರಿ ಅಜ್ಜ, ಬಿಡಿ, ಹಿಡೀರಿ, ಬಿಡಿ" ಅಂತ ಒಂದು ಇಪ್ಪತ್ತು ಸಲ ಮಾಡಿಸಿದ. ಚುಚ್ಚಿದ ಮೇಲೂ ಸೂಜಿಯನ್ನು ಒಳಗೇ ಆಚೀಚೆ ಆಡಿಸಿ, ಸಿರಿಂಜಿಗೆ ರಕ್ತ ಎಳೆದು, ಅದೇ ಸೂಜಿಯಿಂದ ಟ್ಯೂಬಿಗೆ ಜೋರಾಗಿ ಒತ್ತಿ ತುಂಬಿಸಿದ. ಟ್ಯೂಬುಗಳನ್ನು ಬ್ಯಾಗಿಗೆ ಹಾಕ್ಕೊಂಡು "ಇನ್ನೂ ನಾಲ್ಕು ಊರಿದೆ ಸಾರ್" ಅಂತ ಹೊರಟ. ಅಮ್ಮ ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ. ಹುಡುಗನನ್ನು ಬೈಯುತ್ತಿಲ್ಲ. ದಿನಕ್ಕೆ ಮೂವತ್ತು ಮನೆ ತಿರುಗುವವನು ಇನ್ನು ಹೇಗೆ ಮಾಡಿಯಾನು.

ಸಂಜೆ ನಾನು ಬೆಂಗಳೂರಿನ ಬಸ್ಸಿನಲ್ಲಿದ್ದಾಗ ವಾಟ್ಸಾಪಿಗೆ ರಿಪೋರ್ಟ್ ಬಂತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.5. ಪೊಟ್ಯಾಸಿಯಂ 6.1, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹೈ. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ಕೆಳಗೆ ಸಣ್ಣಕ್ಷರದಲ್ಲಿ "ಸ್ಯಾಂಪಲ್ ಹಿಮೊಲೈಸ್ಡ್, ರಿಪೀಟ್ ಅಡ್ವೈಸ್ಡ್". ಡಾಕ್ಟರಿಗೆ ಕಳಿಸಿದೆ. ಅವರೇ ಫೋನ್ ಮಾಡಿದರು. "ನಾಳೆ ಬೆಳಿಗ್ಗೆ ಇದೊಂದನ್ನ ಮತ್ತೆ ಕೊಡ್ಸಿ. ಒಂದು ಇಸಿಜಿನೂ ತೆಗೆಸಿಬಿಡಿ" ಅಂದರು. ನಾನು "ಸ್ಯಾಂಪಲ್ಲೇ ಹಾಳಾಗಿದೆ ಅಂತ ಬರ್ದಿದಾರಲ್ಲ ಸಾರ್, ಆದರೂ ಬೇಕಾ?" ಅಂದೆ. "ಅದಕ್ಕೇ ಬೇಕು" ಅಂದರು. ಆ ಎರಡು ಪದ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ, ಯಾಕಂದ್ರೆ ನೀವೀಗ ನಿಂತಿರುವುದು ಅದೇ ಜಾಗದಲ್ಲಿ.

ಬಸ್ಸಿನಲ್ಲೇ ಕೂತು ಹಿಮೊಲೈಸಿಸ್ ಅಂದರೇನು ಅಂತ ಓದಿದೆ. ಓದಿದ್ದೆಲ್ಲಾ ಸರಿಯಾಗಿಯೇ ಇತ್ತು. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗೇ ಇರುತ್ತೆ. ರಕ್ತದ ನೀರಿನ ಭಾಗದಲ್ಲಿರೋದು ಚೂರೇ ಚೂರು, ಲ್ಯಾಬಿನವರು ಅಳೆಯೋದು ಆ ಚೂರನ್ನು. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಒಳಗಿನದ್ದು ಹೊರಗೆ ಚೆಲ್ಲಿ ಸಂಖ್ಯೆ ಏರುತ್ತೆ. ಮುಷ್ಟಿ ಹಿಡಿದು ಬಿಟ್ಟು ಮಾಡಿದರೂ ಏರುತ್ತೆ, ತೋಳಿನ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಗೆ ಬರುತ್ತೆ. ಟ್ಯೂಬನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಸೀರಂ, ಅಂದರೆ ಆ ನೀರಿನ ಭಾಗ, ಬೇರ್ಪಡಿಸದೆ ಗಂಟೆಗಟ್ಟಲೆ ಇಟ್ಟರೂ ಏರುತ್ತೆ. ಹಾಗಂತ ಆ ಟ್ಯೂಬನ್ನು ಫ್ರಿಜ್ಜಿಗೆ ಹಾಕಿದರೆ ಇನ್ನೂ ಕೆಡುತ್ತೆ, ತಣ್ಣಗಾದ ಕಣಗಳು ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದಿಟ್ಟುಕೊಳ್ಳಲಾರವು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಪುಡಿಯೇ ಪೊಟ್ಯಾಸಿಯಂ ಲವಣ. ಅದರ ರಕ್ತ ಒಂದು ಹನಿ ಬೇರೆ ಟ್ಯೂಬಿಗೆ ಬಿದ್ದರೂ ಲೆಕ್ಕ ತಪ್ಪುತ್ತೆ. ಜಗಲಿ ಮೇಲೆ ನಾನೇ ಕಣ್ಣಾರೆ ಕಂಡಿದ್ದಕ್ಕೆ ಇದೆಲ್ಲಾ ತಾಳೆಯಾಯ್ತು. "ಸಿಕ್ತು ಕಳ್ಳ" ಅಂತ ಖುಷಿಯಾದೆ. 6.1 ಸುಳ್ಳು, ಹಾಗಾಗಿ ಅಪ್ಪನಿಗೆ ಏನೂ ಇಲ್ಲ ಅಂತ ತೀರ್ಮಾನ ಮಾಡಿದೆ.

ಆ "ಹಾಗಾಗಿ" ನನ್ನನ್ನು ಮುಳುಗಿಸಿತು. ಸ್ಯಾಂಪಲ್ ಹಾಳಾಗಿದೆ ಅಂದರೆ ಪೊಟ್ಯಾಸಿಯಂ ಸರಿಯಿದೆ ಅಂತ ಅರ್ಥ ಅಲ್ಲ. ಪೊಟ್ಯಾಸಿಯಂ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ ಅಂತ ಅರ್ಥ. ನಿಜವಾದ 4.6ಕ್ಕೆ ಒಂದೂವರೆ ಸುಳ್ಳು ಸೇರಿ 6.1 ಆಗಿರಬಹುದು, ನಿಜವಾದ 5.8ಕ್ಕೆ ಚೂರು ಸೇರಿಯೂ ಆಗಿರಬಹುದು. ತಕ್ಕಡಿ ಕೆಟ್ಟಿದೆ ಅಂತ ಗೊತ್ತಾದರೆ ಮೂಟೆ ಹಗುರ ಅಂತ ಯಾರಾದರೂ ಅಂದ್ಕೊಳ್ತಾರಾ? ಕೊಬ್ಬರಿ ಮಂಡಿಯಲ್ಲಿ ಅಪ್ಪ ಹಾಗೆ ಯಾವತ್ತೂ ಅಂದ್ಕೊಂಡವರಲ್ಲ, ಬೇರೆ ತಕ್ಕಡಿಗೆ ಹಾಕಿಸ್ತಿದ್ದರು. ಓದಿಕೊಂಡ ಮಗನಿಗೆ ಅದು ಹೊಳೆಯಲಿಲ್ಲ. ಅಪ್ಪನಿಗೆ ಫೋನ್ ಮಾಡಿ "ಲ್ಯಾಬಿನವರ ಯಡವಟ್ಟು ಅಪ್ಪ, ಡಾಕ್ಟರು ಸುಮ್ನೆ ಇನ್ನೊಂದ್ಸಲ ಅಂತಿದಾರೆ, ಮುಂದಿನ ತಿಂಗಳು ಬಂದಾಗ ನೋಡಣ" ಅಂದೆ. ಅವರಿಗೂ ಅದೇ ಬೇಕಿತ್ತು. ಚುಚ್ಚಿದ ಜಾಗ ಕಪ್ಪಗಾಗಿತ್ತು.

ಇನ್ನೊಂದು ವಿಷಯ ನನಗಾಗಲಿ ಡಾಕ್ಟರಿಗಾಗಲಿ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನೋದೂ ತಪ್ಪು. ನನಗೆ ಗೊತ್ತಿತ್ತು, ಎರಡಕ್ಕೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಅಪ್ಪನ ಬಿಪಿಗೆ ಒಳ್ಳೇದು ಅಂತ ನಾನೇ ಆನ್‌ಲೈನಿನಲ್ಲಿ ಕಡಿಮೆ ಸೋಡಿಯಂ ಉಪ್ಪು ತರಿಸಿ ಕಳಿಸಿದ್ದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇಂಥ ಉಪ್ಪಿನಿಂದ ಪಾರ್ಶ್ವವಾಯು ಕಡಿಮೆಯಾಯ್ತು ಅಂತ ಓದಿದ್ದೆ. ಅದು ನಿಜವೇ. ಆದರೆ ಮೂತ್ರಪಿಂಡದ ಗಂಭೀರ ಕಾಯಿಲೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ ಅನ್ನೋ ಸಾಲಿನವರೆಗೆ ನಾನು ಹೋಗಿರಲಿಲ್ಲ. ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಹಾಕೋದು ಪೊಟ್ಯಾಸಿಯಂ ಕ್ಲೋರೈಡ್.

ಅಮ್ಮ ಒಂದೆರಡು ಸಲ ಹೇಳಿದ್ದಳು, "ಈ ಉಪ್ಪಿಗೆ ಉಪ್ಪೇ ಇಲ್ಲ ಕಣೋ, ಎಷ್ಟು ಹಾಕಿದ್ರೂ ಸಾರು ಸಪ್ಪೆ, ನಾಲಿಗೆ ತುದೀಲಿ ಒಂಥರಾ ಕಹಿ". ಸಪ್ಪೆಯಾಗಿದ್ದಕ್ಕೆ ಒಂದು ಚಮಚದ ಕಡೆ ಒಂದೂವರೆ ಹಾಕ್ತಿದ್ದಳು. ಅಪ್ಪ ತಟ್ಟೆಗೆ ಮೇಲೆ ಉದುರಿಸಿಕೊಳ್ತಿದ್ದರು. ಬೇಸಿಗೆ ಬೇರೆ, ತೋಟದ ಎಳನೀರು ದಿನಕ್ಕೆ ಎರಡು. ಎಳನೀರಿನಲ್ಲೂ ತುಂಬಿರೋದು ಪೊಟ್ಯಾಸಿಯಮ್ಮೇ. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳು ಪೊಟ್ಯಾಸಿಯಂ ಮೂತ್ರದಲ್ಲಿ ಹೊರಗೆ ಹೋಗೋದನ್ನು ಕಡಿಮೆ ಮಾಡುತ್ತವೆ. ಕ್ರಿಯಾಟಿನಿನ್ 1.5 ಅಂದರೆ ಕಿಡ್ನಿ ಮೊದಲೇ ಸ್ವಲ್ಪ ಸೋತಿದೆ. ಇದೆಲ್ಲಾ ಸಾಲದು ಅಂತ ಯುಗಾದಿ ಕಳೆದ ಮೇಲೆ ಅಪ್ಪ ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ದಿನಾ ಎರಡು ನುಂಗಿದರು. ಅದು ಕಿಡ್ನಿಗೆ ಇನ್ನೊಂದು ಪೆಟ್ಟು.

ಒಂಬತ್ತನೇ ದಿನ ಬೆಳಿಗ್ಗೆ ಅಮ್ಮನ ಫೋನು. "ನಿಮ್ಮಪ್ಪಂಗೆ ಜಗಲಿಯಿಂದ ಏಳಕ್ಕೇ ಆಗ್ತಿಲ್ಲ." ನೋವಿಲ್ಲ, ಜ್ವರ ಇಲ್ಲ, ಮಾತು ಸರಿಯಾಗಿದೆ. ಕಾಲಲ್ಲಿ ಬಲವೇ ಇಲ್ಲ, ಅಷ್ಟೆ. ಪಕ್ಕದ ಮನೆಯವರು ಕಾರಿನಲ್ಲಿ ತುಮಕೂರಿಗೆ ಕರೆದೊಯ್ದರು. ನಾಡಿ ನಿಮಿಷಕ್ಕೆ 44. ನಾನು ತಲುಪುವಷ್ಟರಲ್ಲಿ ಇಸಿಜಿ ಆಗಿತ್ತು. ಡ್ಯೂಟಿಯಲ್ಲಿದ್ದ ಹೆಣ್ಣುಮಗಳು ಆ ಗುಲಾಬಿ ಕಾಗದ ನನ್ನ ಮುಂದೆ ಹಿಡಿದು "ಈ ಅಲೆ ನೋಡಿ, ಗುಡಾರದ ತರ ಚೂಪಾಗಿ ಎದ್ದಿದೆಯಲ್ಲ, ಇದು ಪೊಟ್ಯಾಸಿಯಂ" ಅಂದರು. ರಕ್ತದ ಫಲಿತಾಂಶಕ್ಕೂ ಕಾಯಲಿಲ್ಲ, ಆಗಲೇ ನರಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಹೋಗುತ್ತಿತ್ತು. ಅದು ಪೊಟ್ಯಾಸಿಯಂ ಇಳಿಸೋದಿಲ್ಲವಂತೆ, ಹೃದಯ ನಿಲ್ಲದ ಹಾಗೆ ಕಾಯುತ್ತೆ ಅಷ್ಟೆ. ಆಮೇಲೆ ಗ್ಲೂಕೋಸ್ ಜತೆ ಇನ್ಸುಲಿನ್, ಮೂಗಿಗೆ ಮಾಸ್ಕ್ ಹಾಕಿ ಸಾಲ್ಬುಟಮಾಲ್ ಹೊಗೆ. ಇವೆರಡೂ ಪೊಟ್ಯಾಸಿಯಂ ಅನ್ನು ಮತ್ತೆ ಜೀವಕೋಶಗಳ ಒಳಕ್ಕೆ ತಳ್ಳುತ್ತವೆ. ಫಲಿತಾಂಶ ಬಂದಾಗ 7.3. ಈ ಸಲ ಸ್ಯಾಂಪಲ್ ಚೊಕ್ಕಟವಾಗಿತ್ತು. ಡಯಾಲಿಸಿಸ್‌ಗೂ ಸಿದ್ಧ ಮಾಡಿಟ್ಟುಕೊಂಡಿದ್ದರು, ಪುಣ್ಯಕ್ಕೆ ಬೇಕಾಗಲಿಲ್ಲ. ಮೂರು ದಿನ ಐಸಿಯು. ಬಿಲ್ಲಿನ ಮಾತು ಬಿಡಿ. ಆ ಮರುಪರೀಕ್ಷೆಗೆ ಆಗುತ್ತಿದ್ದದ್ದು ಇನ್ನೂರು ಚಿಲ್ಲರೆ ರೂಪಾಯಿ.

ಊರಿನ ನಮ್ಮ ಡಾಕ್ಟರು ನೋಡಲು ಬಂದಾಗ ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ. "ಆ 6.1ರಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಅಂತ ನಂಗೂ ಗೊತ್ತಿರ್ಲಿಲ್ಲ ಕಣ್ರೀ. ಅದಕ್ಕೇ ಇನ್ನೊಂದ್ಸಲ ಕೇಳಿದ್ದು" ಅಂದರು.

ಈಗ ನಿಮ್ಮ ಕಮಿಷನ್ ಪ್ರಶ್ನೆ. ಲ್ಯಾಬಿನಿಂದ ಕಟ್ ತಗೊಳ್ಳೋ ಡಾಕ್ಟರುಗಳೇ ಇಲ್ಲ ಅಂತ ನಾನು ಹೇಳಲಾರೆ, ನಾವೆಲ್ಲಾ ಇದೇ ನಾಡಿನಲ್ಲಿ ಬದುಕುತ್ತಿರೋದು. ಆದರೆ ದುಡ್ಡು ಮಾಡಬೇಕು ಅನ್ನುವವರು ಹತ್ತು ಹೊಸ ಪರೀಕ್ಷೆ ಬರೀತಾರೆ, ಫುಲ್ ಬಾಡಿ ಪ್ಯಾಕೇಜ್ ಬರೀತಾರೆ. ಇನ್ನೂರು ರೂಪಾಯಿಯ ಒಂದೇ ಒಂದು ಪರೀಕ್ಷೆಯನ್ನು "ನಾಳೆಯೇ" ಅಂತ ಕೇಳುವವರು ಆ ಜಾತಿಯವರಲ್ಲ. ನನ್ನನ್ನು ಕೇಳಿದರೆ ಕೆಟ್ಟ ಸ್ಯಾಂಪಲಿನ ಸಂಖ್ಯೆ ನಂಬಿ ಸೀದಾ ಮಾತ್ರೆ ಬರೆದುಕೊಡುವವರ ಮೇಲೆ ಅನುಮಾನ ಪಡಬೇಕು. ನಿಮ್ಮ ಡಾಕ್ಟರು ಆ ಸಣ್ಣಕ್ಷರದ ಸಾಲನ್ನು ಓದಿದ್ದಾರೆ ಅನ್ನೋದೇ ದೊಡ್ಡದು.

ಮತ್ತೆ ಮಾಡಿಸಿ ಅನ್ನೋದು ಪೊಟ್ಯಾಸಿಯಂಗೆ ಮಾತ್ರ ಅಲ್ಲ. ನನ್ನ ಹೆಂಡತಿಗೆ ಪ್ಲೇಟ್‌ಲೆಟ್ ನಲವತ್ತು ಸಾವಿರ ಬಂದು ಡೆಂಗ್ಯೂ ಅಂತ ಮನೆಯಲ್ಲಿ ಅಳು ಶುರುವಾಗಿತ್ತು. ಟ್ಯೂಬಿನ ರಾಸಾಯನಿಕಕ್ಕೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರ ಕಡಿಮೆ ಎಣಿಸಿತ್ತು, ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ತೆಗೆದಾಗ ಎರಡು ಲಕ್ಷದ ಮೇಲಿತ್ತು. ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ನುಂಗುವವರ ಥೈರಾಯ್ಡ್ ರಿಪೋರ್ಟೂ ಕೆಲವು ಯಂತ್ರಗಳಲ್ಲಿ ತಪ್ಪು ಬರುತ್ತೆ, ಮಾತ್ರೆ ನಿಲ್ಲಿಸಿ ಮತ್ತೆ ಮಾಡಿಸಬೇಕು. ಬಾಯಾರಿಕೆ, ಪದೇ ಪದೇ ಮೂತ್ರ ಏನೂ ಇಲ್ಲದವರಿಗೆ ಒಂದೇ ಸಲದ ಸಕ್ಕರೆ ನೋಡಿ ಮಧುಮೇಹ ಅಂತ ಹಣೆಪಟ್ಟಿ ಕಟ್ಟುವುದಿಲ್ಲ, ಎರಡನೇ ಪರೀಕ್ಷೆ ಬೇಕು. ಇವುಗಳಲ್ಲಿ ಕೆಲವಕ್ಕೆ ನಾಲ್ಕು ದಿನ, ಕೆಲವಕ್ಕೆ ನಾಲ್ಕು ವಾರ ಕಾದರೂ ನಡೆಯುತ್ತೆ. ನಿಮ್ಮದು ಆ ಪೈಕಿ ಅಲ್ಲ.

"ಅಮ್ಮ ಆರಾಮಾಗಿದ್ದಾರೆ" ಅಂದಿರಲ್ಲ, ಅದನ್ನು ಪುರಾವೆ ಅಂತ ಇಟ್ಟುಕೊಳ್ಳಬೇಡಿ. ಎಂಟನೇ ದಿನ ರಾತ್ರಿ ನಮ್ಮಪ್ಪ ಎರಡು ಮುದ್ದೆ ಉಂಡು, ಟಿವಿ ನೋಡಿ, ನನ್ನ ಜತೆ ಕೊಬ್ಬರಿ ರೇಟಿನ ಮಾತಾಡಿ ಮಲಗಿದ್ದರು. ಒಂದು ತಿಂಗಳು ಬಿಡೋ ಆಲೋಚನೆ ಇವತ್ತೇ ಬಿಡಿ. ಬೇರೆ ಲ್ಯಾಬೋ ಅದೇ ಲ್ಯಾಬೋ ಅನ್ನೋದರಲ್ಲಿ ಹುರುಳಿಲ್ಲ, ಯಂತ್ರ ಇರುವ ಕಡೆಗೇ ಅಮ್ಮನನ್ನು ಕರೆದೊಯ್ಯಿರಿ, ಬೈಕಿನ ಬ್ಯಾಗಿನಲ್ಲಿ ಸ್ಯಾಂಪಲ್ ಊರು ಸುತ್ತುವುದು ಬೇಡ. ಹಿಮೊಲೈಸ್ ಆಗಿದ್ದಕ್ಕೆ ಮತ್ತೆ ಅಂತ ಹೇಳಿ, ದುಡ್ಡು ತಗೊಳ್ಳದೆ ಮಾಡಿಕೊಡುವವರೂ ಇದ್ದಾರೆ. ಡಾಕ್ಟರು ಹೇಳದೆ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಕಾಲು ಸೋತರೆ, ಎದೆಬಡಿತ ಏರುಪೇರಾದರೆ ಲ್ಯಾಬ್ ಪಾಬ್ ಅನ್ನದೆ ಸೀದಾ ದೊಡ್ಡ ಆಸ್ಪತ್ರೆ.

ಇದಕ್ಕೆ ಮುಂಚೆ ಈಗಲೇ ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿನ ಪ್ಯಾಕೆಟ್ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇದೆಯಾ ನೋಡಿ. ಉಪ್ಪು ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆದಿದ್ದರೆ ಯಾವುದು ತಂದಿದ್ದು ಅಂತ ಅಮ್ಮನನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಕಡಿಮೆ ಸೋಡಿಯಂ ಉಪ್ಪು ಒಳ್ಳೆಯದು ಅಂತ ಸಲಹೆ ಕೊಟ್ಟಾಗಲೂ, ಕಿಡ್ನಿ ಸರಿಯಿಲ್ಲದವರಿಗೆ, ಪೊಟ್ಯಾಸಿಯಂ ಹೊರಹಾಕಲು ತೊಂದರೆ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಬಿಡಿಸಿ ಹೇಳಿದೆ. ಅಮ್ಮನ ಎಳನೀರು, ನೋವಿನ ಮಾತ್ರೆ, ಯಾರೋ ಕೊಟ್ಟ ಪುಡಿ, ಕಷಾಯ ಎಲ್ಲಾ ಒಂದು ಚೀಟಿಯಲ್ಲಿ ಬರೆದು ನಾಳೆ ಡಾಕ್ಟರ ಮುಂದಿಡಿ. ನಾನು ಆ ಉಪ್ಪಿನ ಮಾತನ್ನು ಬಾಯಿಬಿಟ್ಟಿದ್ದು ಐಸಿಯು ಬಾಗಿಲಲ್ಲಿ, ಮೂರನೇ ಸಲ ಕೇಳಿದ ಮೇಲೆ.

ಅಪ್ಪ ಈಗ 70. ಮೂರು ತಿಂಗಳಿಗೊಮ್ಮೆ ರಕ್ತ ಕೊಡ್ತಾರೆ. ಪಟ್ಟಿ ಕಟ್ಟೋಕೆ ಬಂದವರಿಗೆ ತೋಳು ಚಾಚುವ ಮೊದಲೇ, "ಮುಷ್ಟಿ ಹಿಡಿ ಅನ್ಬೇಡ ಕಣಪ್ಪ, ನಿಧಾನಕ್ಕೆ ಹುಡುಕು, ನಂಗೇನು ಅವಸರ ಇಲ್ಲ" ಅಂತಾರೆ.