ಗೈ ಕ್ಯೂನಿ, ರದ್ದಿ ಅಂಗಡಿಯಲ್ಲಿ ನನಗೆ ಸಿಕ್ಕ ಪತ್ರಕರ್ತ

ಮನೆಗಳಿಗೆ ಕಂಪ್ಯೂಟರ್ ಕಾಲಿಡುತ್ತಿದ್ದ ದಿನಗಳಲ್ಲಿ ಅದರ ಬಗ್ಗೆ ಬರೆದು ಜನರಿಗೆ ಹತ್ತಿರ ಮಾಡಿದ ಪತ್ರಕರ್ತರಲ್ಲಿ ಯಾರನ್ನು ನೆನೆಸಿಕೊಳ್ಳುತ್ತೀರಿ ಅಂತ ಕೇಳಿದ್ದೀರಿ. ನನಗೆ ತಟ್ಟನೆ ಬರುವುದು ಒಂದೇ ಹೆಸರು. ಬ್ರಿಟನ್ನಿನ ಗೈ ಕ್ಯೂನಿ.

ಅವರ ಬರಹ ನನಗೆ ಸಿಕ್ಕಿದ್ದು ಬೆಳಗಾವಿಯ ಖಡೇಬಜಾರದ ಹತ್ತಿರ ಒಂದು ರದ್ದಿ ಅಂಗಡಿಯಲ್ಲಿ, 1986ರ ಮಳೆಗಾಲದಲ್ಲಿ. ಆಗ ನಾನು ಒಂಬತ್ತನೇ ತರಗತಿ. ಕ್ಯಾಂಪ್ ಕಡೆಯ ಮನೆಗಳಿಂದ ಅಲ್ಲಿಗೆ ಇಂಗ್ಲಿಷ್ ಪತ್ರಿಕೆಗಳ ಕಟ್ಟು ಬರುತ್ತಿತ್ತು. ಒಂದು ಕಟ್ಟಿನಲ್ಲಿ 'ಪರ್ಸನಲ್ ಕಂಪ್ಯೂಟರ್ ವರ್ಲ್ಡ್' ಪತ್ರಿಕೆಯ ನಾಲ್ಕು ಹಳೆ ಸಂಚಿಕೆ ಇದ್ದವು. ನಮ್ಮೂರ ಮಳೆ ಗೊತ್ತಲ್ಲ, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವ್ವ ರೊಟ್ಟಿ ಸುಟ್ಟ ಮೇಲೆ ಒಲೆ ಪಕ್ಕ ಇಟ್ಟು ಒಣಗಿಸಿ, ಒಂದೊಂದೇ ಪುಟ ಬಿಡಿಸಿದೆ. ಆಮೇಲೆ ಅಂಗಡಿ ಮಾಮಾನೇ ದಾರಿಯಲ್ಲಿ ಕಂಡರೆ ಕೂಗುತ್ತಿದ್ದರು: "ತಮ್ಮಾ, ನಿನ್ನ ಕಂಪ್ಯೂಟರ್ ಪುಸ್ತಕ ಬಂದಾವ ನೋಡು."

ಆ ಪತ್ರಿಕೆ ಶುರುವಾದದ್ದು 1978ರಲ್ಲಿ. ಅದರಲ್ಲಿ ಕ್ಯೂನಿ 'ನ್ಯೂಸ್‌ಪ್ರಿಂಟ್' ಅನ್ನುವ ಸುದ್ದಿ ಅಂಕಣ ಬರೆಯುತ್ತಿದ್ದರು. ಆಗಿನ ಬ್ರಿಟನ್ ನೆನೆಸಿಕೊಳ್ಳಿ. 1980ರಲ್ಲಿ ಸಿಂಕ್ಲೇರ್ ಕಂಪನಿ 100 ಪೌಂಡಿಗಿಂತ ಕಡಿಮೆಗೆ ಝಡ್‌ಎಕ್ಸ್80 ಅನ್ನುವ ಮನೆ ಕಂಪ್ಯೂಟರ್ ತಂದಿತು. ಮರುವರ್ಷ ಬಂದ ಝಡ್‌ಎಕ್ಸ್81ರ ಬೆಲೆ 70 ಪೌಂಡಿನ ಆಸುಪಾಸು, ಮೆಮೊರಿ ಬರೀ 1 ಕೆಬಿ. 1982ರಲ್ಲಿ ಅದೇ ಕಂಪನಿಯ ಸ್ಪೆಕ್ಟ್ರಮ್ ಬಂತು, 16 ಕೆಬಿಯದ್ದಕ್ಕೆ 125 ಪೌಂಡ್. ಜನ ಜಾಹೀರಾತು ನೋಡಿ ಅಂಚೆಯಲ್ಲಿ ಚೆಕ್ ಕಳಿಸಿ, ಪೆಟ್ಟಿಗೆಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಂಥ ಓದುಗನಿಗೆ ಕಂಪ್ಯೂಟರ್ ಒಳಗಿನ ಚಿಪ್ ವಿವರಕ್ಕಿಂತ ಜಾಸ್ತಿ ಬೇಕಾಗಿದ್ದು ಇಷ್ಟೇ: ಇದಕ್ಕೆ ದುಡ್ಡು ಕಳಿಸಲೋ ಬೇಡವೋ? ಕ್ಯೂನಿ ಆ ಓದುಗನ ಪಕ್ಕ ಕೂತು ಮಾತಾಡಿದ ಹಾಗೆ ಬರೆಯುತ್ತಿದ್ದರು. ಯಾರು ಏನು ತರುತ್ತಿದ್ದಾರೆ, ಯಾವ ಕಂಪನಿ ಒಳಗೆ ಏನು ನಡೆದಿದೆ, ಎಲ್ಲ ಬಿಚ್ಚಿ ಹೇಳುತ್ತಿದ್ದರು. ಪೇಟೆಗೆ ಹೋಗಿ ಬಂದ ಕಾಕಾ ಕಟ್ಟೆ ಮೇಲೆ ಕೂತು ಸುದ್ದಿ ಹೇಳಿದ ಹಾಗೆ. ಅರ್ಧ ಇಂಗ್ಲಿಷ್ ತಿಳಿಯದಿದ್ದರೂ ಆ ಧಾಟಿ ನನಗೆ ತಿಳಿಯುತ್ತಿತ್ತು.

ಮುಟ್ಟಲು ಕಂಪ್ಯೂಟರ್ ಇರಲಿಲ್ಲ ಅಂತಲ್ಲ. ಕೇಂದ್ರ ಸರ್ಕಾರ 1984ರಲ್ಲಿ 'ಕ್ಲಾಸ್' ಅನ್ನುವ ಯೋಜನೆ ತಂದು, ಮೊದಲು ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನುವ ಬ್ರಿಟಿಷ್ ಕಂಪ್ಯೂಟರ್ ಕೊಟ್ಟಿತ್ತು. ಅಂಥದ್ದೊಂದು ಯಂತ್ರ ನಮ್ಮ ಶಾಲೆಗೂ ಬಂತು. ಶನಿವಾರ ಒಬ್ಬೊಬ್ಬರಿಗೆ ಹತ್ತು ನಿಮಿಷ. ನಾನು ಪತ್ರಿಕೆಯಲ್ಲಿ ಅಚ್ಚಾಗಿದ್ದ ಪ್ರೋಗ್ರಾಮನ್ನು ಚೌಕುಳಿ ಗಣಿತದ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗುತ್ತಿದ್ದೆ, ಒಂದು ಮನೆಗೆ ಒಂದು ಅಕ್ಷರ. ಸೊನ್ನೆಗೆ ಅಡ್ಡಗೆರೆ ಹಾಕದಿದ್ದರೆ ಅದು 'ಓ' ಅಕ್ಷರವೋ ಸೊನ್ನೆಯೋ ತಿಳಿಯುತ್ತಿರಲಿಲ್ಲ. ಬೇಸಿಕ್ ಅನ್ನುವ ಪ್ರೋಗ್ರಾಮ್ ಭಾಷೆಯಲ್ಲಿ ಬೇರೆ ಯಂತ್ರಕ್ಕೆ ಬರೆದದ್ದು ಇದರಲ್ಲಿ ಹಾಗೇ ಓಡುವುದಿಲ್ಲ. ಪರದೆ ಮೇಲೆ 'ಮಿಸ್ಟೇಕ್' ಅಂತ ಬಂದು, ಪಕ್ಕದಲ್ಲಿ ಸಾಲಿನ ನಂಬರ್ ಕಾಣುತ್ತಿತ್ತು. ಹತ್ತು ನಿಮಿಷ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಶನಿವಾರದವರೆಗೆ ಆ ಸಾಲನ್ನೇ ತಿದ್ದುತ್ತಾ ಕೂರುತ್ತಿದ್ದೆ. ಆ ಆರು ದಿನ ಬೇಸರ ಬರದಂತೆ ನೋಡಿಕೊಂಡಿದ್ದು ಕ್ಯೂನಿಯ ಪುಟಗಳು.

ಈಗ ಅವರ ಹೆಸರು ಹುಡುಕಿದರೆ ಮೊದಲು ಸಿಗುವುದು ಬೇರೆ ಕಥೆ. 2006ರ ಮೇ 8ರಂದು ಆಪಲ್ ಕಂಪ್ಯೂಟರ್ ಮತ್ತು ಸಂಗೀತ ತಂಡ ಬೀಟಲ್ಸ್‌ನವರ ಆಪಲ್ ಕೋರ್ ಕಂಪನಿ ನಡುವಿನ ಕೋರ್ಟ್ ತೀರ್ಪಿನ ಬಗ್ಗೆ ಮಾತಾಡಲು ಬಿಬಿಸಿ ಅವರನ್ನು ಕರೆದಿತ್ತು. ಅದೇ ಹೊತ್ತಿಗೆ ಕೆಲಸದ ಸಂದರ್ಶನಕ್ಕೆ ಅಂತ ಗೈ ಗೋಮಾ ಎಂಬ ಇನ್ನೊಬ್ಬರು ಬಂದಿದ್ದರು. ಹೆಸರಿನ ಗೊಂದಲದಲ್ಲಿ ಗೋಮಾ ಅವರನ್ನೇ ಸ್ಟುಡಿಯೋದಲ್ಲಿ ಕೂರಿಸಿಬಿಟ್ಟರು. ಕ್ಯೂನಿ ಹೊರಗೆ ಕಾಯುತ್ತಾ ಅದನ್ನು ಟಿವಿ ಪರದೆಯಲ್ಲಿ ನೋಡಿದರು. ಗೋಮಾ ಅವರದ್ದೇನೂ ತಪ್ಪಿಲ್ಲ, ಧೈರ್ಯವಾಗಿ ಉತ್ತರ ಕೊಟ್ಟರು. ಆದರೆ ಮೂವತ್ತು ವರ್ಷ ಬರೆದವರೊಬ್ಬರನ್ನು, ಅವರೇ ಇರದ ಕೆಲವು ನಿಮಿಷಗಳಿಗಾಗಿ ಜಗತ್ತು ನೆನಪಿಟ್ಟುಕೊಂಡಿದೆಯಲ್ಲ, ಅದು ನನಗೆ ನಿಜಕ್ಕೂ ನೋವು.

ಅವರ ಪತ್ರಿಕೆ 2009ರಲ್ಲಿ ನಿಂತಿತು. 2010ರ ಏಪ್ರಿಲ್‌ನಲ್ಲಿ ಕ್ಯಾನ್ಸರ್‌ನಿಂದ ಅವರೂ ತೀರಿಕೊಂಡರು. ತಮ್ಮ ಕಾಯಿಲೆ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಬರೆದಿದ್ದರು.

ಹಳೆ ಸಂಚಿಕೆ ಎಲ್ಲಾದರೂ ಸಿಕ್ಕರೆ ಮೊದಲು 'ನ್ಯೂಸ್‌ಪ್ರಿಂಟ್' ಪುಟ ತೆಗೆಯಿರಿ. ಜಾಹೀರಾತುಗಳನ್ನು ಆಮೇಲೆ ನೋಡಬಹುದು.