‘ನೈಸ್’ ಎಂದರೆ ಚೆಂದ ಮಾತ್ರವೇ?

ಪ್ರಶ್ನೆ: ‘ನೈಸ್ ಡಿಸ್ಟಿಂಕ್ಷನ್’ ಎಂಬಲ್ಲಿ ‘ಚೆಂದ’ ಎಂಬ ಅರ್ಥ ಕೂಡುವುದಿಲ್ಲವಲ್ಲ?

ಉತ್ತರ: ಅಲ್ಲಿ ‘ನೈಸ್’ ಎಂದರೆ ಸೂಕ್ಷ್ಮ, ‘ಡಿಸ್ಟಿಂಕ್ಷನ್’ ಎಂದರೆ ವ್ಯತ್ಯಾಸ; ಒಟ್ಟಿಗೆ ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ ಎಂದರ್ಥ. ‘ಚೆಂದದ ವ್ಯತ್ಯಾಸ’ ಎಂದು ಅನುವಾದಿಸಿದರೆ ವಾಕ್ಯವೇ ಕೆಡುತ್ತದೆ. ‘ನೈಸ್’ ಪದದ ಮೂಲ ಲ್ಯಾಟಿನ್‌ನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿಯುವುದು. ಅಂದರೆ ಏನೂ ತಿಳಿಯದವ. ಹಳೆಯ ಫ್ರೆಂಚ್ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ‘ದಡ್ಡ’ ಎಂದೇ ಅರ್ಥ. ಆಮೇಲೆ ನಾಜೂಕು, ಅತಿ ಚೊಕ್ಕತನ, ನಿಖರ ಎಂದೆಲ್ಲ ಹೊರಳಿ, 18ನೇ ಶತಮಾನದಲ್ಲಿ ‘ಹಿತವಾದ’ ಎಂಬರ್ಥ ನೆಲೆಯಾಯಿತು. ಬೈಗುಳವೇ ಹೊಗಳಿಕೆಯಾದ ಸೊಗಸಾದ ಉದಾಹರಣೆ ಇದು! ಹಳೆಯ ಪಠ್ಯವಾದರೆ ಬರೆದ ಕಾಲ ನೋಡಿಯೇ ಅರ್ಥ ಹಚ್ಚಿ. ‘ಹಿಟ್ಟು ನೈಸಾಗಿ ರುಬ್ಬು’, ‘ನೈಸ್ ಮಾಡಿ ಕೆಲಸ ಮಾಡಿಸಿಕೊಂಡ’ ಎಂಬುವು ನಮ್ಮ ಬಳಕೆಗಳು. ನುಣ್ಣಗಿನ ಹಿಟ್ಟಿಗೆ ಇಂಗ್ಲಿಷಿನಲ್ಲಿ ‘ಸ್ಮೂತ್’ ಎನ್ನಬೇಕು.